ಹುಟ್ಟಿದ ದ್ವೀಪದಲ್ಲೇ ಗೈಡ್ ಆಗುವುದೆಂದರೆ: ಲಕ್ಷದ್ವೀಪದ ಯುವಜನರ ಮುಂದಿರುವ ದಾರಿ



2024ರ ಜನವರಿಯಲ್ಲಿ ಪ್ರಧಾನಮಂತ್ರಿಯವರು ಲಕ್ಷದ್ವೀಪಕ್ಕೆ ಹೋಗಿ ಬಂದ ಚಿತ್ರಗಳು ಎಲ್ಲರ ಮೊಬೈಲಿಗೂ ತಲುಪಿದವು. ಅಂದಿನಿಂದ ನಮ್ಮ ಸದಸ್ಯರಲ್ಲೂ ಹಲವರು ಪರ್ಮಿಟ್ ಹೇಗೆ, ಹಡಗು ಎಲ್ಲಿಂದ ಎಂದು ಕೇಳುತ್ತಿದ್ದಾರೆ. ಆ ವಿವರ ಈ ಲೇಖನದ ಕೊನೆಯಲ್ಲಿದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅಲ್ಲಿಗೆ ಹೋದ ಮೇಲೆ ನಮಗೆ ದ್ವೀಪ ತೋರಿಸುವವರು ಯಾರು? ಅಲ್ಲೇ ಹುಟ್ಟಿ ಬೆಳೆದ ಹುಡುಗನೋ ಹುಡುಗಿಯೋ ಆ ಕೆಲಸಕ್ಕೆ ಬರಬೇಕಾದರೆ ಏನೇನು ಕಲಿಯಬೇಕು? ಪ್ರವಾಸೋದ್ಯಮ ಬೆಳೆದಂತೆ ಈ ಕೆಲಸ ಹೊರಗಿನವರ ಕೈಗೆ ಹೋದರೆ ನಷ್ಟ ಯಾರಿಗೆ? ತಿಳಿದ ಮಟ್ಟಿಗೆ ಬರೆದಿದ್ದೇನೆ.

ನಮಗೂ ಆ ದ್ವೀಪಗಳಿಗೂ ಇರುವ ನಂಟು

ಕಾಸರಗೋಡಿನ ಸದಸ್ಯರಿಗೆ ಲಕ್ಷದ್ವೀಪ ದೂರದ ಊರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದನ್ನು ಅಮಿನಿದೀವಿ ದ್ವೀಪಗಳೆಂದು ಕರೆಯುತ್ತಿದ್ದರು. ಇವು ಮೊದಲು ಕಣ್ಣೂರಿನ ಅರಕ್ಕಲ್ ಬೀಬಿಯ ಮನೆತನದ ಕೈಯಲ್ಲಿದ್ದವು. 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ವಶವಾಗಿ, ಮಂಗಳೂರಿನಿಂದ ಆಳಲ್ಪಟ್ಟವು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಉಳಿದವು. ಕಾಸರಗೋಡು ತಾಲೂಕು ಇದ್ದದ್ದೂ ಅದೇ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಈ ಐದು ದ್ವೀಪಗಳು, ಮಲಬಾರ್ ಜಿಲ್ಲೆಯಲ್ಲಿದ್ದ ಉಳಿದ ದ್ವೀಪಗಳ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಒಂದೇ ಕಲೆಕ್ಟರ್ ಕಚೇರಿಯ ಕೆಳಗಿದ್ದ ಎರಡು ತುಂಡುಗಳು ಒಂದೇ ದಿನ ಎರಡು ದಿಕ್ಕಿಗೆ ಹೋದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ವ್ಯಾಪಾರದ ನಂಟು ಇನ್ನೂ ಹಳೆಯದು. ದ್ವೀಪದ ಹಾಯಿದೋಣಿಗೆ ಅವರು ಓಡಂ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲೂ ಓಡ ಎಂದರೆ ದೋಣಿಯೇ. ತೆಂಗಿನ ನಾರಿನ ಹಗ್ಗ, ಕೊಬ್ಬರಿ, ಬೆಲ್ಲ ಹೊತ್ತು ಮಂಗಳೂರಿಗೆ ಬಂದು ಅಕ್ಕಿ, ಹೆಂಚು ಹೊತ್ತು ಮರಳುತ್ತಿದ್ದವು. ಬ್ರಿಟಿಷರ ಕಾಲದಲ್ಲಿ ನಾರಿನ ಮೇಲೆ ಸರ್ಕಾರದ ಏಕಸ್ವಾಮ್ಯವಿತ್ತು. ನಾರು ಕೊಟ್ಟು ಅಕ್ಕಿ ತೆಗೆದುಕೊಳ್ಳಬೇಕು, ದರ ಕಚೇರಿಯವರು ಹೇಳಿದ್ದೇ. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಜಲ್ಲಿ, ಸಿಮೆಂಟು ಹೊತ್ತ ಮಂಜಿಗಳು ದ್ವೀಪಗಳಿಗೆ ಹೋಗುತ್ತವೆ.

ಚಿಕ್ಕ ಜಾಗ, ದೊಡ್ಡ ಲೆಕ್ಕ

ಇಡೀ ಲಕ್ಷದ್ವೀಪದ ನೆಲ 32 ಚದರ ಕಿಲೋಮೀಟರ್. ಜನವಸತಿ ಇರುವುದು 10 ದ್ವೀಪಗಳಲ್ಲಿ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಅದರಲ್ಲಿ ಶೇಕಡಾ 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಈ ಕಾರಣಕ್ಕೇ 1967ರ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳು ಬಂದವು. ಹೊರಗಿನವರು, ಭಾರತದವರೇ ಆದರೂ, ಪರ್ಮಿಟ್ ಇಲ್ಲದೆ ಕಾಲಿಡುವಂತಿಲ್ಲ. ಪ್ರವಾಸವನ್ನು ನಡೆಸಲು ಆಡಳಿತವು 1982ರಲ್ಲಿ ಒಂದು ಸೊಸೈಟಿ ಕಟ್ಟಿತು. ಅದನ್ನು ಎಲ್ಲರೂ ಸ್ಪೋರ್ಟ್ಸ್ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ. ಕೊಚ್ಚಿಯಿಂದ ಹಡಗಿನಲ್ಲಿ ಹೊರಟು, ಹಗಲು ಒಂದೊಂದು ದ್ವೀಪ ನೋಡಿ, ರಾತ್ರಿ ಹಡಗಿಗೇ ಮರಳುವ ಪ್ಯಾಕೇಜ್ ಇವರದ್ದೇ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಇದರಲ್ಲಿ ಬರುತ್ತವೆ.

ಹಡಗು ದೂರದ ಆಳ ನೀರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ದೋಣಿಯಲ್ಲಿ ದಡಕ್ಕೆ ಬರಬೇಕು. ಸಂಜೆಯೊಳಗೆ ಮತ್ತೆ ಹಡಗು ಹತ್ತಬೇಕು. ಅಂದರೆ ಗೈಡಿಗೆ ಸಿಗುವುದು ಏಳೆಂಟು ಗಂಟೆ. ಅಷ್ಟರಲ್ಲಿ ಊಟ, ಸ್ನಾನ, ಈಜು ಎಲ್ಲ ಮುಗಿಯಬೇಕು. ಈ ಅವಧಿಯಲ್ಲಿ ಪ್ರವಾಸಿ ಬರೀ ನೀಲಿ ನೀರಿನ ಫೋಟೋ ತೆಗೆದುಕೊಂಡು ಹೋಗುತ್ತಾನೋ, ಒಂದು ಊರನ್ನು ತಿಳಿದುಕೊಂಡು ಹೋಗುತ್ತಾನೋ ಎಂಬುದು ಗೈಡಿನ ಕೈಯಲ್ಲಿದೆ.

ಮೊದಲ ಪಾಠ: ಗೊತ್ತಿರುವುದನ್ನೇ ಮತ್ತೆ ಕಲಿಯುವುದು

"ನಾನು ಇಲ್ಲೇ ಹುಟ್ಟಿದವನು, ನನಗೇನು ಕಲಿಯುವುದಿದೆ?" ಎಂದು ಯಾವ ಊರಿನ ಹುಡುಗನಿಗೂ ಅನಿಸುವುದು ಸಹಜ. ಆದರೆ ದಿನವೂ ನೋಡುವ ಬಾವಿಯ ಬಗ್ಗೆ ನಾವು ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ಹೊರಗಿನಿಂದ ಬಂದವನು ಕೇಳುವುದೇ ಅದನ್ನು: ಸುತ್ತ ಉಪ್ಪುನೀರು ಇರುವಾಗ ಇಲ್ಲಿ ಸಿಹಿನೀರು ಎಲ್ಲಿಂದ ಬಂತು?

ಉತ್ತರ ಹೀಗಿದೆ. ದ್ವೀಪದ ನೆಲ ಹವಳದ ಮರಳು. ಮಳೆನೀರು ಅದರೊಳಗೆ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಬಾವಿಯಿಂದ ಹದವಾಗಿ ಸೇದಿದರೆ ವರ್ಷವಿಡೀ ಬರುತ್ತದೆ. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಹಾಗಾಗಿಯೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು. ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಣಿಸುತ್ತಾರೆ. ಇಷ್ಟನ್ನು ಹೇಳಿದ ಗೈಡ್ "ನೀರು ಮಿತವಾಗಿ ಬಳಸಿ" ಎಂಬ ಬೋರ್ಡ್ ತೋರಿಸಬೇಕಾಗಿಲ್ಲ. ಕೇಳಿದವರು ತಾವೇ ನಲ್ಲಿ ನಿಲ್ಲಿಸುತ್ತಾರೆ.

ಮನೆತನದ ವಿಷಯವೂ ಹಾಗೆಯೇ. ದ್ವೀಪದವರು ಮುಸ್ಲಿಮರು, ಆದರೆ ಮನೆ ನಡೆಯುವುದು ತಾಯಿಯ ಕಡೆಯಿಂದ. ತರವಾಡಿನ ಒಟ್ಟು ಆಸ್ತಿಗೆ ಶುಕ್ರವಾರದ ಆಸ್ತಿ ಎಂದೂ ಸ್ವಂತ ಗಳಿಕೆಗೆ ಸೋಮವಾರದ ಆಸ್ತಿ ಎಂದೂ ಹೆಸರು. ಮೊದಲನೆಯದು ಹೆಣ್ಣುಮಕ್ಕಳ ಸಾಲಿನಲ್ಲಿ ಇಳಿಯುತ್ತದೆ. ಎರಡನೆಯದನ್ನು ಗಳಿಸಿದವರು ತಮ್ಮಿಷ್ಟದಂತೆ ಕೊಡಬಹುದು. ಅಳಿಯಕಟ್ಟು, ಮರುಮಕ್ಕತ್ತಾಯ ಕಂಡ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ದೆಹಲಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕು. ಹೀಗೆ ಹೇಳುವ ಮೊದಲು ಹುಡುಗ ತನ್ನ ಅಜ್ಜಿಯ ಹತ್ತಿರ ಕೂತು ತಮ್ಮದೇ ತರವಾಡಿನ ಲೆಕ್ಕ ಕೇಳಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಕೇಳಿ ಕಲಿಯಬೇಕಾದ ಇಂಥ ಪಾಠ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ.

ಒಂದೊಂದು ದ್ವೀಪಕ್ಕೂ ಅದರದೇ ಕಥೆ ಇದೆ. ಕಲ್ಪೇನಿಯ ಪೂರ್ವದ ದಡದಲ್ಲಿ ಹವಳದ ಕಲ್ಲುಗಳ ರಾಶಿ ಇದೆ. 1847ರ ಮಹಾ ಬಿರುಗಾಳಿ ತಂದು ಹಾಕಿದ್ದು. ಕವರತ್ತಿಯ ಉಜ್ರಾ ಮಸೀದಿಯ ಮರದ ಕೆತ್ತನೆಯ ಛಾವಣಿ, ಅಲೆಯಲ್ಲಿ ತೇಲಿ ಬಂದ ಮರದಿಂದ ಆದದ್ದು ಎಂದು ಜನ ಹೇಳುತ್ತಾರೆ. ಮಿನಿಕಾಯಿಯ ದೀಪಸ್ತಂಭ 1885ರದ್ದು. ಮಿನಿಕಾಯ್ ಭಾಷೆಯಲ್ಲೂ ಬೇರೆ. ಉಳಿದ ದ್ವೀಪಗಳಲ್ಲಿ ಮಲಯಾಳದ ಒಂದು ರೂಪವಾದ ಜಸರಿ ಆಡಿದರೆ, ಇಲ್ಲಿ ಮಾಲ್ಡೀವ್ಸಿನ ದಿವೇಹಿಗೆ ಸೇರಿದ ಮಹಲ್ ಆಡುತ್ತಾರೆ. ಅದರ ತಾನಾ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ. ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದ ಬಂದವು. ಗಡಿಯಲ್ಲಿ ಬೇರೆ ಲಿಪಿಯ ಬೋರ್ಡುಗಳ ನಡುವೆ ಬದುಕುವ ನಮಗೆ ಈ ಮಾತು ಕೇಳಲು ಹಿತ.

ಕೇಳಿದ ಕಥೆಯನ್ನು ಕಥೆ ಎಂದೂ ದಾಖಲೆ ಇರುವುದನ್ನು ದಾಖಲೆ ಎಂದೂ ಬೇರೆ ಬೇರೆ ಹೇಳುವುದು ಒಳ್ಳೆಯ ಗೈಡಿನ ಗುರುತು. "ಹೀಗೆ ಹೇಳುತ್ತಾರೆ" ಎನ್ನಲು ನಾಚಿಕೆ ಬೇಡ.

ಎರಡನೆಯ ಪಾಠ: ನೀರು

ದ್ವೀಪದ ಮಕ್ಕಳಿಗೆ ಈಜು ಯಾರೂ ಕಲಿಸಬೇಕಿಲ್ಲ. ಆದರೆ ತಾನು ಈಜುವುದು ಒಂದು, ಮುಳುಗುತ್ತಿರುವ ಐವತ್ತೈದರ ಯಜಮಾನರನ್ನು ಎಳೆದು ತರುವುದು ಇನ್ನೊಂದು. ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿಗೆ ಲಗೂನ್ ಎನ್ನುತ್ತಾರೆ. ಅದು ಕೆರೆಯಂತೆ ಕಾಣುತ್ತದೆ. ದೋಣಿ ಹೋಗುವ ಬಾಯಿಯ ಹತ್ತಿರ ಮಾತ್ರ, ಇಳಿತದ ಹೊತ್ತಿನಲ್ಲಿ ನೀರು ಹೊರಗೆ ಎಳೆಯುತ್ತದೆ. ಯಾವ ಹೊತ್ತಿಗೆ ಎಲ್ಲಿ ಇಳಿಯಬಾರದು ಎಂಬುದು ಮೀನುಗಾರರಿಗೆ ಗೊತ್ತು. ಆ ತಿಳಿವಳಿಕೆಯನ್ನು ಪ್ರವಾಸಿಗೆ ಸರಿಯಾದ ಹೊತ್ತಿನಲ್ಲಿ, ಬೇಸರವಾಗದ ಹಾಗೆ, ಆದರೆ ಖಡಾಖಂಡಿತವಾಗಿ ಹೇಳಲು ತರಬೇತಿ ಬೇಕು.

ಜೀವರಕ್ಷಣೆ, ದೋಣಿ ನಡೆಸುವಿಕೆ ಮುಂತಾದ ಕೋರ್ಸುಗಳನ್ನು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ನಡೆಸುತ್ತದೆ. ಗೋವಾದ ನಮ್ಮ ಸದಸ್ಯರ ಮನೆಯ ಮಕ್ಕಳಿಗೂ ಇದು ಉಪಯೋಗದ ವಿಷಯ. ನೀರಿನೊಳಗೆ ಪ್ರವಾಸಿಗಳನ್ನು ಕರೆದೊಯ್ಯುವ ಸ್ಕೂಬಾ ಕೆಲಸಕ್ಕೆ ಪ್ರತ್ಯೇಕ ಮೆಟ್ಟಿಲುಗಳಿವೆ. ಪ್ಯಾಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕ್ರಮದಲ್ಲಿ ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ, ಆಮೇಲೆ ಡೈವ್‌ಮಾಸ್ಟರ್. ಡೈವ್‌ಮಾಸ್ಟರ್ ಕೋರ್ಸಿಗೆ 18 ವರ್ಷ ತುಂಬಿರಬೇಕು, ಆರಂಭಿಸುವಾಗ 40 ಡೈವ್, ಮುಗಿಸುವಾಗ 60 ಡೈವ್ ಪುಸ್ತಕದಲ್ಲಿ ದಾಖಲಾಗಿರಬೇಕು. ಪ್ರಥಮ ಚಿಕಿತ್ಸೆಯ ತರಬೇತಿ ಮತ್ತು ವೈದ್ಯರ ಪ್ರಮಾಣಪತ್ರವೂ ಬೇಕು. ಖರ್ಚು ಕಡಿಮೆಯದ್ದಲ್ಲ. ಆದ್ದರಿಂದ ನೇರವಾಗಿ ಸ್ಕೂಬಾಕ್ಕೆ ಹಾರದೆ, ಮೊದಲು ಊರು ತೋರಿಸುವ ಕೆಲಸದಲ್ಲಿ ಒಂದೆರಡು ಸೀಸನ್ ಕಳೆಯುವುದು ಜಾಣತನ.

ಮೂರನೆಯ ಪಾಠ: ಕಾಗದಪತ್ರ

ಜೀವನವಿಡೀ ಗುಮಾಸ್ತನಾಗಿದ್ದ ನನಗೆ ಈ ಭಾಗ ಬಿಡಲಾಗದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಇನ್‌ಕ್ರೆಡಿಬಲ್ ಇಂಡಿಯಾ ಹೆಸರಿನಲ್ಲಿ ಆನ್‌ಲೈನ್ ಗೈಡ್ ತರಬೇತಿ ನಡೆಸಿದೆ. ಮನೆಯಲ್ಲೇ ಕೂತು ಪಾಠ ಕಲಿತು, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದು. ದೂರದ ದ್ವೀಪಗಳಿಗೆ ಇದೇ ದೊಡ್ಡ ಅನುಕೂಲ. ಪದವಿ ಮಾಡಬೇಕೆನ್ನುವವರಿಗೆ ಗ್ವಾಲಿಯರ್‌ನಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಪ್ರವಾಸ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆ ಇದೆ. ಅರ್ಹತೆ, ಶುಲ್ಕ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಸಚಿವಾಲಯದ ತಾಣದಲ್ಲಿ ಇರುವುದನ್ನೇ ನಂಬಬೇಕು.

ಪ್ರಮಾಣಪತ್ರ ಬಂದ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಲಕ್ಷದ್ವೀಪದಲ್ಲಿ ಪ್ರವಾಸಿ ಬರುವುದು ಪರ್ಮಿಟ್ಟಿನ ಬಾಗಿಲಿನಿಂದ. ಆ ಬಾಗಿಲಲ್ಲಿ ಸ್ಪೋರ್ಟ್ಸ್ ಸೊಸೈಟಿ, ಹೋಮ್‌ಸ್ಟೇ ನಡೆಸುವವರು, ಪ್ರವಾಸ ಏಜೆನ್ಸಿಗಳು ನಿಂತಿರುತ್ತಾರೆ. ಇವರ ಜೊತೆ ಒಳ್ಳೆಯ ಸಂಬಂಧ ಇರಬೇಕು. ಕೂಲಿ ಎಷ್ಟು, ಯಾರು ಕೊಡುತ್ತಾರೆ, ಹಡಗು ಬಾರದ ದಿನ ಏನು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳುವುದು ಕ್ಷೇಮ.

ನಾಲ್ಕನೆಯ ಪಾಠ: ಬೇಡ ಎನ್ನಲು ಕಲಿಯುವುದು

ಈ ಕೆಲಸದಲ್ಲಿ ಕಷ್ಟದ್ದು ಇದೇ. ಅತಿಥಿಯನ್ನು ಸಂತೋಷಪಡಿಸಬೇಕು, ಅದೇ ಅತಿಥಿಗೆ ಹತ್ತು ಸಲ "ಬೇಡ" ಎನ್ನಬೇಕು. ಹವಳದ ತುಂಡು, ದೈತ್ಯ ಕಪ್ಪೆಚಿಪ್ಪು, ಸಮುದ್ರ ಸೌತೆ ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ದಡದಲ್ಲಿ ಬಿದ್ದ ಸತ್ತ ಹವಳವನ್ನು ಚೀಲಕ್ಕೆ ಹಾಕಿಕೊಂಡರೂ ಅಪರಾಧ. ಸಮುದ್ರ ಸೌತೆಗಾಗಿಯೇ 2020ರಲ್ಲಿ ಚೆರಿಯಪಾನಿಯಲ್ಲಿ 239 ಚದರ ಕಿಲೋಮೀಟರ್ ಸಂರಕ್ಷಣಾ ಪ್ರದೇಶ ಮಾಡಿದ್ದಾರೆ. ಇಂಥದ್ದು ಜಗತ್ತಿನಲ್ಲೇ ಮೊದಲು.

ಹವಳ ಕಲ್ಲಿನಂತೆ ಕಂಡರೂ ಅದು ಜೀವಿ. ಅದರೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಅದಕ್ಕೆ ಆಹಾರವನ್ನೂ ಬಣ್ಣವನ್ನೂ ಕೊಡುತ್ತದೆ. ನೀರು ವಾರಗಟ್ಟಲೆ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998, 2010, 2016, ಮತ್ತೆ 2024ರಲ್ಲಿ ಲಕ್ಷದ್ವೀಪದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಆಯಿತು. 1998ರಿಂದ ಎಣಿಸಿದರೆ, ಅಧ್ಯಯನ ಮಾಡಿದ ದ್ವೀಪಗಳಲ್ಲಿ ಜೀವಂತ ಹವಳ ಸುಮಾರು ಅರ್ಧದಷ್ಟು ಕಡಿಮೆಯಾಗಿದೆ. ದ್ವೀಪವನ್ನು ಅಲೆಗಳಿಂದ ಕಾಯುವ ಗೋಡೆ ಈ ಹವಳದ ದಿಬ್ಬವೇ. ಬಂಗಾರಂ ಬಳಿಯ ಪರಳಿ-1 ಎಂಬ ಜನವಸತಿಯಿಲ್ಲದ ಕಿರು ದ್ವೀಪ ಸವೆದು ಮುಳುಗಿಹೋಗಿದೆ. ಆದ್ದರಿಂದ ಪ್ರವಾಸಿ ಹವಳದ ಮೇಲೆ ಕಾಲಿಟ್ಟಾಗ ಗೈಡ್ ಗದರುವುದು ಬಿಗುಮಾನದಿಂದಲ್ಲ. ಅವನ ಮನೆಯ ಗೋಡೆಯ ಮೇಲೆ ಯಾರೋ ನಿಂತಿದ್ದಾರೆ.

ಊರಿನ ಮರ್ಯಾದೆಯ ವಿಷಯವೂ ಇದೆ. ಬಂಗಾರಂ ಬಿಟ್ಟರೆ ದ್ವೀಪಗಳಲ್ಲಿ ಮದ್ಯ ನಿಷೇಧ. ಈಜುವ ಬಟ್ಟೆಯಲ್ಲಿ ಊರೊಳಗೆ ನಡೆಯುವುದು, ಕೇಳದೆ ಹೆಂಗಸರ ಫೋಟೋ ತೆಗೆಯುವುದು, ಪ್ರಾರ್ಥನೆಯ ಹೊತ್ತಿನಲ್ಲಿ ಮಸೀದಿಯ ಮುಂದೆ ಗದ್ದಲ ಮಾಡುವುದು ಅಲ್ಲಿನವರಿಗೆ ನೋವು ತರುತ್ತದೆ. ಇದನ್ನು ಹೊರಗಿನ ಗೈಡ್ ನಿಯಮ ಎಂದು ಓದಿ ಹೇಳುತ್ತಾನೆ. ಊರಿನ ಹುಡುಗ ಹೇಳುವಾಗ ಮಾತಿಗೆ ತೂಕ ಬೇರೆ, ಏಕೆಂದರೆ ಅಂದು ಸಂಜೆ ಅದೇ ಜನರ ಮುಂದೆ ಅವನು ನಡೆಯಬೇಕು.

ಕೆಲವು ವಿಷಯಗಳಲ್ಲಿ ಊರೊಳಗೇ ಎರಡು ಅಭಿಪ್ರಾಯ ಇರುತ್ತದೆ. ಅಗತ್ತಿಯ ಲಗೂನಿನಲ್ಲಿ ಹಸಿರು ಕಡಲಾಮೆಗಳು ಸಮುದ್ರದ ಹುಲ್ಲು ಮೇಯುತ್ತವೆ. ಪ್ರವಾಸಿಗೆ ಅದು ಕಣ್ಣಿಗೆ ಹಬ್ಬ. ಹುಲ್ಲು ಕಡಿಮೆಯಾಗಿ ಮೀನು ಕಡಿಮೆಯಾಯಿತು ಎಂಬುದು ಅಲ್ಲಿನ ಮೀನುಗಾರರ ದೂರು. ಆಮೆಯನ್ನು ತೋರಿಸಿ ಸುಮ್ಮನಾಗುವವನಿಗಿಂತ ಈ ದೂರನ್ನೂ ಹೇಳುವವನು ಒಳ್ಳೆಯ ಗೈಡ್.

ಹೊಟ್ಟೆಪಾಡು

ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲ, ಕಡಲು ಕೆಟ್ಟಿರುತ್ತದೆ. ಪ್ರವಾಸಿಗಳ ಹಡಗು ನಿಲ್ಲುತ್ತದೆ. ಅಂದರೆ ವರ್ಷಕ್ಕೆ ನಾಲ್ಕು ತಿಂಗಳು ಈ ಕೆಲಸದಲ್ಲಿ ಆದಾಯವಿಲ್ಲ. ಆದ್ದರಿಂದ ಗೈಡ್ ಆಗುವವನು ತೆಂಗು, ಮೀನು, ಅಂಗಡಿ ಯಾವುದನ್ನೂ ಪೂರ್ತಿ ಬಿಡಬಾರದು. ಬಿಟ್ಟರೆ ಇನ್ನೊಂದು ನಷ್ಟವೂ ಇದೆ. ಮಿನಿಕಾಯಿಯ ಜನ ಜೀವಂತ ಕಿರುಮೀನನ್ನು ನೀರಿಗೆ ಎರಚಿ, ಟ್ಯೂನಾ ಮೀನನ್ನು ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಅದನ್ನು ಬೇಯಿಸಿ, ಹೊಗೆ ಹಿಡಿಸಿ, ಒಣಗಿಸಿ ಮಾಸ್ ಮಾಡುತ್ತಾರೆ. ಈ ಕೆಲಸ ಕೈಯಾರೆ ಮಾಡಿದವನು ವಿವರಿಸುವುದಕ್ಕೂ ಓದಿಕೊಂಡು ಬಂದವನು ವಿವರಿಸುವುದಕ್ಕೂ ಅಜಗಜಾಂತರ. ಹೊಟ್ಟೆಗಾಗಿ ಉಳಿಸಿಕೊಂಡ ಕಸುಬೇ ಗೈಡಿನ ಮಾತಿಗೂ ಬಂಡವಾಳ.

ಹೈಸ್ಕೂಲು ಮುಗಿಸಿ ಓದಿಗೂ ನೌಕರಿಗೂ ಕೊಚ್ಚಿ, ಕೋಝಿಕ್ಕೋಡ್, ಮಂಗಳೂರಿಗೆ ದಾಟುವ ಮಕ್ಕಳಿಗೆ ಮರಳಿ ಬರಲು ಕಾರಣ ಬೇಕು. ಸರ್ಕಾರಿ ಹುದ್ದೆ ಎಲ್ಲರಿಗೂ ಸಿಗದು. ಗೈಡ್ ಕೆಲಸ ಮರ್ಯಾದೆಯ ಕೂಲಿ ಕೊಟ್ಟರೆ ಒಬ್ಬೊಬ್ಬರಾದರೂ ಉಳಿಯುತ್ತಾರೆ. ಹೊರಗಿನ ಕಂಪನಿಗಳು ತಮ್ಮ ಜನರನ್ನೇ ತಂದರೆ ದ್ವೀಪಕ್ಕೆ ಉಳಿಯುವುದು ಪ್ರವಾಸಿಗಳ ಕಸ, ಇಳಿದುಹೋದ ಬಾವಿಯ ನೀರು.

ಹೋಗುವ ಸದಸ್ಯರ ಗಮನಕ್ಕೆ

• ಪ್ರವೇಶ ಪರ್ಮಿಟ್ ಕಡ್ಡಾಯ. ಪ್ಯಾಕೇಜಿನಲ್ಲಿ ಹೋದರೆ ನಡೆಸುವವರೇ ಮಾಡಿಸುತ್ತಾರೆ. ಬೇರೆ ರೀತಿಯಲ್ಲಿ ಹೋಗುವವರು ಲಕ್ಷದ್ವೀಪ ಆಡಳಿತದ ಅಧಿಕೃತ ತಾಣದಲ್ಲಿ ಅಂದಿನ ನಿಯಮ ನೋಡಿಕೊಳ್ಳಿ.

• ಪ್ರಯಾಣಿಕರ ಹಡಗುಗಳು ಮುಖ್ಯವಾಗಿ ಕೊಚ್ಚಿಯಿಂದ. ದ್ವೀಪಗಳು ಅಲ್ಲಿಂದ 220ರಿಂದ 440 ಕಿ.ಮೀ. ದೂರ. ಹಡಗಿಗೆ 14ರಿಂದ 18 ಗಂಟೆ ಹಿಡಿಯುತ್ತದೆ. ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ.

• ಹಡಗಿನಿಂದ ಚಿಕ್ಕ ದೋಣಿಗೆ ಇಳಿಯುವಾಗ ಅಲೆ ಇರುತ್ತದೆ. ಮೊಣಕಾಲು ನೋವಿರುವ ಹಿರಿಯರು ಮೊದಲೇ ಯೋಚಿಸಿ.

• ಬುಕ್ ಮಾಡುವಾಗ "ಗೈಡ್ ಆ ದ್ವೀಪದವರೇ?" ಎಂದು ಕೇಳಿ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯ ಸಲ ಅವರೇ ಹುಡುಕುತ್ತಾರೆ.

• ಪ್ಲಾಸ್ಟಿಕ್ ಬಾಟಲಿ, ಕವರುಗಳನ್ನು ಮರಳಿ ತನ್ನಿ. ಹವಳ, ಚಿಪ್ಪು ತರಬೇಡಿ.

• ಅಮಿನಿ, ಕಡಮತ್ ಕಡೆಯ ಹಿರಿಯರು ಸಿಕ್ಕರೆ ಮಂಗಳೂರಿನ ಹೆಸರು ಎತ್ತಿ ನೋಡಿ. ಬಂದರಿನ ಅಂಗಡಿ, ಹೆಂಚು, ಅಕ್ಕಿಯ ಮಾತು ಬಂದರೆ ಕಿವಿಗೊಟ್ಟು ಕೇಳಿ, ಸಾಧ್ಯವಾದರೆ ಬರೆದುಕೊಂಡು ಬನ್ನಿ. ಹೆಸರು ಹಾಕಬೇಕೆಂದಿಲ್ಲ, ಮಾತು ಸಾಕು. ಈ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

– ಕಾರ್ಯದರ್ಶಿ